ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು

"ಕಂಪ್ಯೂಟರ್ ಆನ್ ಆಗ್ತಿಲ್ಲ" ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವುದು ಒಂದೇ: ಎಲ್ಲಿವರೆಗೆ ಬಂತು? ಫ್ಯಾನ್ ತಿರುಗಿತಾ? ಲೈಟ್ ಬಂತಾ? ಬಂದು ಹೋಯಿತಾ, ಇಲ್ಲ ಬರಲೇ ಇಲ್ಲವಾ? ಹೆಚ್ಚಿನವರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. ಯಾವ ಪಾರ್ಟ್ ಹೋಗಿದೆ ಅಂತ ಹೇಳಿದರೆ ಸಾಕು, ಉಳಿದದ್ದೆಲ್ಲ ಬೇಡ ಅವರಿಗೆ.

ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಇದ್ದವನು. 2020ರ ಜನವರಿ ಕೊನೆಗೆ ಬಿಎಸ್‌ಎನ್‌ಎಲ್‌ನಿಂದ 78 ಸಾವಿರ ಚಿಲ್ಲರೆ ಜನ ಒಟ್ಟಿಗೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತೆಗೆದುಕೊಂಡು ಹೊರಗೆ ಬಂದರಲ್ಲ, ಆ ಗುಂಪಿನವನು. ಫೋನ್ ಡೆಡ್ ಅಂತ ದೂರು ಬಂದರೆ ನಾವು ಸೀದಾ ಮನೆಗೆ ಓಡುತ್ತಿರಲಿಲ್ಲ. ಮೊದಲು ಎಂಡಿಎಫ್‌ನಲ್ಲಿ, ಅಂದರೆ ಎಕ್ಸ್‌ಚೇಂಜ್ ಒಳಗೆ ಎಲ್ಲ ಲೈನ್ ಬಂದು ಸೇರುವ ಚೌಕಟ್ಟಿನಲ್ಲಿ, ಟೋನ್ ಉಂಟಾ ನೋಡುವುದು. ಆಮೇಲೆ ರಸ್ತೆ ಬದಿಯ ಪೆಟ್ಟಿಗೆ, ಪಿಲ್ಲರ್. ಆಮೇಲೆ ಕಂಬದ ಮೇಲಿನ ಡಿಪಿ, ಮನೆಗಳಿಗೆ ಲೈನ್ ಹಂಚುವ ಡಬ್ಬಿ. ಮನೆ ಕೊನೆಗೆ. ಟೋನ್ ಎಲ್ಲಿ ನಿಂತಿತೋ ಅದರಿಂದ ಮುಂದಿನ ತುಂಡಿನಲ್ಲಿ ಫಾಲ್ಟ್. ಕಂಪ್ಯೂಟರಿಗೂ ನಾನು ಇದೇ ದಾರಿ ಹಿಡಿಯುವುದು. ಬೇರೆ ದಾರಿ ನನಗೆ ಗೊತ್ತೂ ಇಲ್ಲ.

ಈ ಸಲ ಫೋನ್ ಮಾಡಿದ್ದು ಅಳಿಯ, ಉಡುಪಿ ಹತ್ತಿರದ ಕಟಪಾಡಿಯಲ್ಲಿರುವ ತಂಗಿಯ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ದುಡ್ಡು ಕೂಡಿಸಿ ಬಿಡಿ ಸಾಮಾನು ತಂದು ತಾನೇ ಕಂಪ್ಯೂಟರ್ ಜೋಡಿಸಿದ್ದ. ರೈಜನ್ 5 9600ಎಕ್ಸ್ ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, 650 ವ್ಯಾಟಿನ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ದೀಪಾವಳಿಗೆ ಅಂತೆ. ಅಲ್ಲಿವರೆಗೆ ಪ್ರೊಸೆಸರಿನ ಒಳಗಿರುವ ಸಣ್ಣ ಗ್ರಾಫಿಕ್ಸೇ ಸಾಕು. ಹೆಸರಿನ ಕೊನೆಯಲ್ಲಿ ಎಫ್ ಇರುವ ಪ್ರೊಸೆಸರ್ ತಂದವರಿಗೆ ಈ ಅನುಕೂಲ ಇಲ್ಲ. ಅವರು ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿ ಎಷ್ಟು ಕಾದರೂ ಏನೂ ಬರುವುದಿಲ್ಲ.

"ಬೋರ್ಡ್ ಎಲ್ಲಿಂದ ತಂದದ್ದು ಮಗಾ?"

"ಮಂಗಳೂರಿನ ಒಂದು ಅಂಗಡಿಯಿಂದ ಮಾಮ. ಹಳೇ ಸ್ಟಾಕ್ ಅಂತ ಕಡಿಮೆಗೆ ಕೊಟ್ರು."

ಹಳೇ ಸ್ಟಾಕ್ ಅನ್ನುವ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೆ. ಆಗ ಏನೂ ಹೇಳಲಿಲ್ಲ. ಮಲ್ಟಿಮೀಟರ್, ಟೆಸ್ಟರ್, ನನ್ನ ಸಣ್ಣ ಯುಪಿಎಸ್ ಎಲ್ಲ ಚೀಲಕ್ಕೆ ಹಾಕಿ ಅಂಬಲಪಾಡಿಯಿಂದ ಹೊರಟೆ. ಆಟಿಯ ಮಳೆ, ಹೈವೇಯಲ್ಲಿ ಬಸ್ಸಿನ ಎದುರು ಗಾಜು ಕಾಣುತ್ತಿರಲಿಲ್ಲ.

ಅಲ್ಲಿ ಹೋದರೆ ಅಳಿಯ ಕ್ಯಾಬಿನೆಟ್ಟಿನ ಬಾಗಿಲು ಬಿಚ್ಚಿ, ಸ್ಕ್ರೂ ಎಲ್ಲ ಸ್ಟೀಲ್ ತಟ್ಟೆಯಲ್ಲಿ ಹಾಕಿ ಕಾಯುತ್ತಿದ್ದ. "ಎಲ್ಲಾ ಬಿಚ್ಚಿ ಮತ್ತೆ ಮೊದಲಿಂದ ಹಾಕುವನಾ ಮಾಮ?" ಅಂದ. ಈ ಕಾಲದ ಹುಡುಗರಿಗೆ ಇದೊಂದು ರೋಗ. ಎಲ್ಲ ಬಿಚ್ಚಿ ಹಾಕಿದರೆ ಸರಿಯಾದರೂ ಆಗಬಹುದು, ಆದರೆ ಯಾವುದು ಸರಿ ಇರಲಿಲ್ಲ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂದೆ. ಮುಖ ಸಣ್ಣದು ಮಾಡಿದ.

ಮೊದಲು ಸ್ಟ್ಯಾಂಡ್‌ಬೈ. ಹಿಂದಿನ ಸ್ವಿಚ್ ಹಾಕಿದ ಕೂಡಲೇ, ಕಂಪ್ಯೂಟರ್ ಆನ್ ಮಾಡುವ ಮೊದಲೇ, ಪವರ್ ಸಪ್ಲೈ ಬೋರ್ಡಿಗೆ 5 ವೋಲ್ಟ್ ಕೊಡುತ್ತಾ ಇರಬೇಕು. 24 ಪಿನ್ನಿನ ದೊಡ್ಡ ಕನೆಕ್ಟರಿನ 9ನೇ ಪಿನ್. ಹಿಂದಿನಿಂದ ಮೀಟರಿನ ಕಡ್ಡಿ ಇಳಿಸಿ ನೋಡಿದೆ, ಇತ್ತು. ಅಳಿಯ ಅಷ್ಟರಲ್ಲಿ ಪೇಪರ್ ಕ್ಲಿಪ್ ಹಿಡಿದು ನಿಂತಿದ್ದ, ಯಾವುದೋ ವಿಡಿಯೋ ನೋಡಿ. ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಪವರ್ ಸಪ್ಲೈ ಒಂದೇ ಓಡುತ್ತದೆ, ಹೌದು. ಆದರೆ ಈಗ ಬರುವ ಕೇಬಲ್‌ಗಳಲ್ಲಿ ಹಸಿರೂ ಇಲ್ಲ, ನೇರಳೆಯೂ ಇಲ್ಲ, ಎಲ್ಲ ಕಪ್ಪೇ. 16ನೇ ಪಿನ್ ಯಾವುದು ಅಂತ ಎಣಿಸಿಯೇ ಹಿಡಿಯಬೇಕು. ಅಷ್ಟು ಮಾಡಿದರೂ ಗೊತ್ತಾಗುವುದು ಅದು ಓಡುತ್ತದೆ ಅಂತ ಮಾತ್ರ, ಲೋಡ್ ಹೊರುತ್ತದಾ ಅಂತ ಅಲ್ಲ. ಕ್ಲಿಪ್ ತೆಗೆದು ಕಾಗದಕ್ಕೇ ಹಾಕಿಸಿದೆ.

ಸ್ಟ್ಯಾಂಡ್‌ಬೈ ಇದೆ, ಬಟನ್ ಒತ್ತಿದರೆ ಏನೂ ಇಲ್ಲ. ಹಾಗಾದರೆ ಬಟನ್ನಿನಿಂದ ಬೋರ್ಡಿಗೆ ಸುದ್ದಿ ಹೋಗುತ್ತಿಲ್ಲ. ಬೋರ್ಡಿನ ಕೆಳಗಿನ ಮೂಲೆಯ ಪವರ್ ಸ್ವಿಚ್ ಪಿನ್ ಎರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿದೆ. ಫ್ಯಾನ್ ತಿರುಗಿತು! ಅಳಿಯ ಬಟನ್ನಿನ ತಂತಿಯನ್ನು ಪಕ್ಕದ ರೀಸೆಟ್ ಪಿನ್ನಿಗೆ ಹಾಕಿದ್ದ, ಅಷ್ಟೇ. ಆ ಪಿನ್‌ಗಳ ಹತ್ತಿರ ಬರೆದ ಅಕ್ಷರ ಓದಲು ನನಗಂತೂ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಬೇಕಾಯಿತು.

ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಈಗ ಪವರ್ ಮುಗಿಯಿತು, ಮುಂದಿನ ತುಂಡು.

ಮೊದಲೆಲ್ಲ ಈ ಹೊತ್ತಿಗೆ ಬೀಪ್ ಕೇಳುತ್ತಿತ್ತು. ಒಂದು ಉದ್ದ, ಎರಡು ಗಿಡ್ಡ. ನನಗೆ ಅದು ಇಷ್ಟ, ಕೆಲಸ ಪೂರ್ತಿ ಕಿವಿಯಲ್ಲೇ ಮಾಡಿದವನಲ್ವಾ. ಈಗಿನ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ. ಬದಲಿಗೆ ಬೋರ್ಡಿನ ಅಂಚಿನಲ್ಲಿ ಸಾಲಾಗಿ ನಾಲ್ಕು ಸಣ್ಣ ದೀಪ: ಸಿಪಿಯು, ಡಿರ‍್ಯಾಮ್, ವಿಜಿಎ ಅಂದರೆ ಗ್ರಾಫಿಕ್ಸ್, ಬೂಟ್. ಎಲ್ಲಿ ತಡೆಯಿತೋ ಅಲ್ಲಿಯ ದೀಪ ಉರಿಯುತ್ತಾ ನಿಲ್ಲುತ್ತದೆ. ನಮ್ಮದರಲ್ಲಿ ಸಿಪಿಯುವಿನ ಕೆಂಪು, ರ‍್ಯಾಮಿನ ಹಳದಿ ಎರಡೂ ಉರಿಯುತ್ತಿತ್ತು.

ಅಳಿಯ ಆಫ್ ಮಾಡಲು ಕೈ ಚಾಚಿದ. ಬೇಡ ಅಂದೆ. ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಬೋರ್ಡ್ ಮೊದಲ ಸಲ ಆನ್ ಆಗುವಾಗ ರ‍್ಯಾಮಿನ ಜೊತೆ ಟೈಮಿಂಗ್ ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಆ ಹೊತ್ತಿನಲ್ಲಿ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ, ರ‍್ಯಾಮಿನ ದೀಪವೂ ಉರಿಯುತ್ತಿರುತ್ತದೆ. ಎಷ್ಟೋ ಜನ ಇಲ್ಲಿಯೇ ಹೆದರಿ ಆಫ್ ಮಾಡುತ್ತಾರೆ. ಮತ್ತೆ ಆನ್ ಮಾಡಿದರೆ ಮತ್ತೆ ಮೊದಲಿಂದ.

ಕಾಯುವಾಗ ತಂಗಿ ಪತ್ರೊಡೆ ತಂದಳು. "ಅಣ್ಣ, ಅದು ಹಾಳಾಗಿದ್ರೆ ದುಡ್ಡು ವಾಪಸ್ ಕೊಡ್ತಾರಾ?" ಅಂತ ಕೇಳಿದಳು. ತಿಂದು ಮುಗಿದರೂ ದೀಪ ಎರಡೂ ಹಾಗೇ.

ಆಫ್ ಮಾಡಿ ಒಂದೇ ರ‍್ಯಾಮ್ ಇಟ್ಟು ನೋಡಿದೆವು. ಎ2 ಅಂತ ಬರೆದ ಸ್ಲಾಟಿಗೆ, ಅಂದರೆ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು. ಆಗಲಿಲ್ಲ. ಇನ್ನೊಂದು ರ‍್ಯಾಮ್, ಅದೇ ಸ್ಲಾಟ್. ಆಗಲಿಲ್ಲ. ಎರಡು ರ‍್ಯಾಮೂ ಒಟ್ಟಿಗೆ ಕೆಟ್ಟು ಬರುವುದು ಅಪರೂಪ. ಮೇಲೆ ಎಡಗಡೆಯ 8 ಪಿನ್ನಿನ ಪ್ರೊಸೆಸರ್ ಕೇಬಲ್ ಸರಿಯಾಗಿ ಕೂತಿತ್ತು, ಅದರಲ್ಲಿ 12 ವೋಲ್ಟ್ ಬರುತ್ತಿತ್ತು.

ಇಲ್ಲಿ ಒಂದು ಅಡ್ಡ ಕತೆ. ರ‍್ಯಾಮ್ ಬದಲಿಸುವಾಗ ಅಳಿಯ ಪ್ಲಗ್ ತೆಗೆಯದೆ ಕ್ಯಾಬಿನೆಟ್ ಮುಟ್ಟಿದ, "ಜುಂ ಅಂತದೆ ಮಾಮ" ಅಂತ ಕೈ ಎಳೆದುಕೊಂಡ. ಕಾವಿ ನೆಲ, ಮಳೆಗಾಲ, ಬರಿಗಾಲು. ಟೆಸ್ಟರ್ ತಾಗಿಸಿದೆ, ಮಂದವಾಗಿ ಉರಿಯಿತು. ಮೀಟರಿನಲ್ಲಿ ನ್ಯೂಟ್ರಲ್‌ಗೂ ಕ್ಯಾಬಿನೆಟ್ಟಿಗೂ ನಡುವೆ 110 ವೋಲ್ಟಿನ ಹತ್ತಿರ ತೋರಿಸಿತು. ಪವರ್ ಸಪ್ಲೈ ಕೆಟ್ಟದ್ದಲ್ಲ. ಅದರ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಬಾಡಿಗೆ ಸೇರಿರುತ್ತದೆ, ಕಿರಿಕಿರಿ ಶಬ್ದ ಸೋಸಲು. ಅರ್ಥ್ ಇದ್ದರೆ ಆ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಾಡಿಯಲ್ಲಿ 230ರ ಅರ್ಧ ನಿಲ್ಲುತ್ತದೆ. ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿದರೆ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲ! ಮೂರು ತೂತು ನೋಡಿ ಅರ್ಥಿಂಗ್ ಉಂಟು ಅಂದುಕೊಂಡು ಇಷ್ಟು ವರ್ಷ ಕಳೆದಿದ್ದಾರೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಮಾಮೂಲು. ಅರ್ಥಿಂಗ್ ಇದ್ದ ಮನೆಯಲ್ಲೂ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅದು ಅಷ್ಟಕ್ಕಷ್ಟೇ, ಗುಂಡಿಗೆ ನೀರು ಹಾಕುತ್ತಾ ಇರಬೇಕು. ಕಂಪ್ಯೂಟರನ್ನು ಎತ್ತಿ ಊಟದ ಕೋಣೆಗೆ ತಂದೆವು. ಫ್ರಿಡ್ಜಿನ ಪಕ್ಕದ ಪಾಯಿಂಟಿಗೆ ಮಾತ್ರ ಅರ್ಥ್ ಸರಿ ಇತ್ತು. ಜುಂ ನಿಂತಿತು. ಸ್ಕ್ರೀನ್ ಮಾತ್ರ ಕಪ್ಪೇ.

ಆ ಹಳೇ ಸ್ಟಾಕಿನ ಮಾತಿಗೆ ಬಂದೆ. ಬಿ650 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2022ರ ಅಕ್ಟೋಬರಿನಲ್ಲಿ. 9600ಎಕ್ಸ್ ಬಂದದ್ದು 2024ರ ಆಗಸ್ಟಿನಲ್ಲಿ. ಸಾಕೆಟ್ ಎರಡಕ್ಕೂ ಒಂದೇ, ಎಎಂ5. ಪ್ರೊಸೆಸರ್ ಚೆನ್ನಾಗಿ ಕೂರುತ್ತದೆ, ಕರೆಂಟೂ ಹೋಗುತ್ತದೆ. ಆದರೆ ಮೊದಲು ತಯಾರಾದ ಬೋರ್ಡಿನ ಬಯೋಸ್‌ಗೆ, ಅಂದರೆ ಆನ್ ಮಾಡಿದ ಕೂಡಲೇ ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಮಿಗೆ, ಇಂಥ ಒಂದು ಪ್ರೊಸೆಸರ್ ಇದೆ ಅಂತಲೇ ಗೊತ್ತಿರುವುದಿಲ್ಲ. ಬೋರ್ಡಿನ ಮೇಲೆ ಬಯೋಸ್ ವರ್ಷನ್ ಬರೆದ ಬಿಳಿ ಸ್ಟಿಕ್ಕರ್ ಇತ್ತು. ಕಂಪನಿಯ ವೆಬ್‌ಸೈಟಿನಲ್ಲಿ ಆ ಬೋರ್ಡಿಗೆ ಯಾವ ಪ್ರೊಸೆಸರ್ ಆಗುತ್ತದೆ ಅನ್ನುವ ಪಟ್ಟಿ ಇರುತ್ತದೆ, ಪ್ರತಿಯೊಂದರ ಎದುರು ಯಾವ ವರ್ಷನಿನಿಂದ ಅಂತ. ಎರಡನ್ನೂ ಹೋಲಿಸಿದರೆ ನಮ್ಮದು ತುಂಬಾ ಹಿಂದಿನದು.

"ಹಾಗಾದ್ರೆ ಅಪ್‌ಡೇಟ್ ಮಾಡ್ಲಿಕ್ಕೆ ಬೇರೆ ಪ್ರೊಸೆಸರ್ ಬೇಕಲ್ಲ ಮಾಮ, ಎಲ್ಲಿಂದ ತರುವುದು?"

ಬೇಡ. ಈಗಿನ ಹಲವು ಬೋರ್ಡುಗಳ ಹಿಂದೆ ಬಯೋಸ್ ಫ್ಲಾಷ್‌ಬ್ಯಾಕ್ ಅನ್ನುವ ಬಟನ್ ಉಂಟು. ಪ್ರೊಸೆಸರ್, ರ‍್ಯಾಮ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ಪವರ್ ಕೇಬಲ್ ಮತ್ತು ಪೆನ್‌ಡ್ರೈವ್ ಸಾಕು. ಹೊಸ ಬಯೋಸ್ ಫೈಲ್ ಇಳಿಸಿಕೊಂಡು, ಪುಸ್ತಕದಲ್ಲಿ ಹೇಳಿದ ಹಾಗೆಯೇ ಹೆಸರು ಬದಲಿಸಿ, ಗುರುತು ಹಾಕಿದ ಒಂದೇ ಒಂದು ಯುಎಸ್‌ಬಿ ತೂತಿಗೆ ಹಾಕಬೇಕು. ಬೇರೆ ತೂತಿಗೆ ಹಾಕಿದರೆ ಇಲ್ಲ.

ಅಳಿಯನ 64 ಜಿಬಿ ಪೆನ್‌ಡ್ರೈವ್ ಹಾಕಿ ಒತ್ತಿದೆವು. ದೀಪ ನಾಲ್ಕೈದು ಸಲ ಮಿನುಗಿ ನಿಂತಿತು. ಓದಲು ಆಗಲಿಲ್ಲ ಅಂತ ಅರ್ಥ. ಅದು ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟಿನಲ್ಲಿತ್ತು, ಬೇಕಾದ್ದು ಫ್ಯಾಟ್32. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆಯನ್ನೇ ತೋರಿಸುವುದಿಲ್ಲ. ಕೊನೆಗೆ ಭಾವನ ಕಾರಿನಿಂದ ಯಕ್ಷಗಾನದ ಹಾಡು ತುಂಬಿದ 8 ಜಿಬಿಯ ಹಳೇ ಪೆನ್‌ಡ್ರೈವ್ ತಂದೆವು. ಹಾಡೆಲ್ಲ ಅಳಿಯನ ಲ್ಯಾಪ್‌ಟಾಪಿಗೆ ಕಾಪಿ ಮಾಡಿದ ಮೇಲೆಯೇ ಭಾವ ಕೈಬಿಟ್ಟರು.

ಫಾರ್ಮ್ಯಾಟ್ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲೋ ತೆಂಗಿನ ಮಡಲು ತಂತಿಗೆ ಬಿದ್ದಿರಬೇಕು. ಬಯೋಸ್ ಬರೆಯುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಚಿಪ್ಪಿನಲ್ಲಿ ಅರ್ಧ ಹಳತು, ಅರ್ಧ ಹೊಸತು ಉಳಿಯುತ್ತದೆ. ಫ್ಲಾಷ್‌ಬ್ಯಾಕ್ ಇರುವ ಬೋರ್ಡಾದರೆ ಮತ್ತೆ ಬರೆಯಬಹುದು, ಇಲ್ಲದಿದ್ದರೆ ಅಂಗಡಿಗೆ. ಮನೆಯ ಇನ್‌ವರ್ಟರ್ ಇತ್ತು, ಆದರೆ ಅದು ಮಾಮೂಲಿ ಮೋಡಿನಲ್ಲಿದ್ದರೆ ಲೈಟು ಒಮ್ಮೆ ಮಿಣುಕ್ ಅಂದು ಬರುತ್ತದಲ್ಲ, ಆ ಮಿಣುಕ್ ಕಂಪ್ಯೂಟರಿಗೆ ಜಾಸ್ತಿಯಾಯಿತು. ಪವರ್ ಸಪ್ಲೈ ತಾನಾಗಿ ತಡೆದುಕೊಳ್ಳುವುದು ಸೆಕೆಂಡಿನ ಐವತ್ತು, ಅರವತ್ತರಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಯುಪಿಎಸ್ ಅದಕ್ಕಿಂತ ಬೇಗ ಬದಲಾಗುತ್ತದೆ. ಅದಕ್ಕೇ ಚೀಲದಲ್ಲಿ ಹೊತ್ತು ತಂದದ್ದು.

ಕರೆಂಟ್ ಬಂದ ಕೂಡಲೇ ಶುರುಮಾಡುವ ಅಂದ ಅಳಿಯ. ನಾನು ಒಪ್ಪಲಿಲ್ಲ. ಇಲ್ಲಿ ಮಳೆಗಾಲದಲ್ಲಿ ಹೋದ ಕರೆಂಟ್ ಒಂದೇ ಸಲ ಬಂದು ನಿಲ್ಲುವುದುಂಟಾ? ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಯುಪಿಎಸ್ಸಿನ ಬ್ಯಾಟರಿಯೂ ಹಳತು, ಸ್ವಲ್ಪ ಚಾರ್ಜ್ ಆಗಲಿ ಅಂದೆ. ಅವನಿಗೆ ಕೋಪ ಬಂದದ್ದು ಕಾಣುತ್ತಿತ್ತು. ನಾನಂದ ಹಾಗೆ ಮತ್ತೊಮ್ಮೆ ಹೋಗಿ ಬಂತು, ಆಮೇಲೆ ಸುಮ್ಮನಾದ.

ಒತ್ತಿದೆವು. ಈ ಸಲ ದೀಪ ಒಂದೇ ಸಮನೆ ಮಿನುಗುತ್ತಾ ಹೋಯಿತು. ಐದು ನಿಮಿಷ ದಾಟಿದ ಮೇಲೆ ತಾನಾಗಿ ಆರಿತು. ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಮೊದಲು ಕೆಂಪು ದೀಪ ಬಂದು ಹೋಯಿತು. ಹಳದಿ ಬಂದು ನಿಂತಿತು. ಇಬ್ಬರೂ ಮಾತಾಡಲಿಲ್ಲ. ಟ್ರೇನಿಂಗ್ ಮುಗಿಸಿ ಅದೂ ಹೋಯಿತು, ಬಿಳಿ ಬಂತು, ಸ್ಕ್ರೀನಿನಲ್ಲಿ ಕಂಪನಿಯ ಲೋಗೋ. ಅಳಿಯ ಕೂಗಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು.

ಅಂಗಡಿಗೆ ಫೋನ್ ಮಾಡಿ ಹೇಳಿದರೆ "ಬೋರ್ಡ್ ಸರಿ ಉಂಟಲ್ಲ, ಮತ್ತೆಂತ?" ಅಂದರಂತೆ. ಬೋರ್ಡ್ ಸರಿ ಉಂಟು, ನಿಜ. ಆದರೆ ಅದೇ ಬಿಲ್ಲಿನಲ್ಲಿ ಆ ಬೋರ್ಡಿನ ಜೊತೆ ಆ ಪ್ರೊಸೆಸರ್ ಮಾರಿದವರು ಬಾಕ್ಸ್ ಬಿಚ್ಚಿ ಬಯೋಸ್ ಹಾಕಿ ಕೊಡಬೇಕು, ಕೊನೆಗೆ ಒಂದು ಮಾತಾದರೂ ಹೇಳಬೇಕು. ನೀವು ಹಳೇ ಸ್ಟಾಕ್ ತೆಗೆದುಕೊಳ್ಳುವುದಾದರೆ ಬಾಕ್ಸಿನ ಮೇಲೆ ರೈಜನ್ 9000 ರೆಡಿ ಅನ್ನುವ ಸ್ಟಿಕ್ಕರ್ ಉಂಟಾ ನೋಡಿ. ಇಲ್ಲದಿದ್ದರೆ ಫ್ಲಾಷ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಆರಿಸಿ. ಎಲ್ಲ ಬೋರ್ಡಿಗೆ ಅದು ಇರುವುದಿಲ್ಲ.

ರ‍್ಯಾಮ್ ಸದ್ಯ 4800ರ ವೇಗದಲ್ಲಿ ಓಡುತ್ತಿದೆ. ಪ್ಯಾಕೆಟಿನ ಮೇಲಿರುವುದು 6000. ಅದಕ್ಕೆ ಬಯೋಸಿನಲ್ಲಿ ಎಕ್ಸ್‌ಪೋ ಅನ್ನುವ ವೇಗದ ಸೆಟ್ಟಿಂಗ್ ಆನ್ ಮಾಡಬೇಕು, ಮಾಡಿದರೆ ಮತ್ತೊಮ್ಮೆ ಟ್ರೇನಿಂಗ್, ಮತ್ತೊಮ್ಮೆ ಕಪ್ಪು ಸ್ಕ್ರೀನ್. ಸ್ವಲ್ಪ ದಿನ ಹೀಗೇ ಓಡಲಿ, ಆಮೇಲೆ ಮಾಡು ಅಂತ ಹೇಳಿ ಬಂದಿದ್ದೇನೆ. ಕೇಳಿರಲಿಕ್ಕಿಲ್ಲ.

ಅವನ ಕೋಣೆಗೆ ಅರ್ಥ್ ತಂತಿ ಎಳೆಯಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದಾರೆ. ಮಳೆ ಬಿಡಲಿ, ಬರ್ತೇನೆ ಅಂದಿದ್ದಾನಂತೆ. ಅಲ್ಲಿವರೆಗೆ ಕಂಪ್ಯೂಟರ್ ಊಟದ ಕೋಣೆಯಲ್ಲೇ. ಅಳಿಯನಿಗೆ ಬೇಜಾರು. ತಂಗಿಗೆ ಮಾತ್ರ ಖುಷಿ, ಅವನು ರಾತ್ರಿ ಎಷ್ಟು ಹೊತ್ತು ಗೇಮ್ ಆಡುತ್ತಾನೆ ಅಂತ ಕಾಣುತ್ತದಲ್ಲ. ಎಲೆಕ್ಟ್ರಿಷಿಯನ್‌ಗೆ ಎರಡನೇ ಸಲ ಫೋನ್ ಮಾಡುವ ಅಂದಾಜು ಅವಳಿಗಿಲ್ಲ.