ಅವ್ವ ಮತ್ತು ಮೆಟ್ರೋ

ಇವತ್ತು ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಲ್ಲಿ ಅವ್ವ ಬಂದಳು. ಪುಣೆಯ ಸ್ವಾರಗೇಟ್‌ನಲ್ಲಿ ಇಳಿಸಿಕೊಂಡು ನೇರ ಮೆಟ್ರೋ ಹತ್ತಿಸಿದೆ. "ಈ ಓಡೋ ಮೆಟ್ಟಿಲು ಬ್ಯಾಡೋ ತಮ್ಮಾ" ಅಂತ ರೊಟ್ಟಿ ಗಂಟು ಎದೆಗವಚಿಕೊಂಡು ನಿಂತೇಬಿಟ್ಟಳು. ಕೊನೆಗೆ ಲಿಫ್ಟ್.

2024ರ ಸೆಪ್ಟೆಂಬರ್‌ವರೆಗೆ ಈ ಸುರಂಗ ಮಾರ್ಗ ಇರಲಿಲ್ಲ. ರಿಕ್ಷಾದಲ್ಲಿ ಪಿಂಪ್ರಿ ಮುಟ್ಟೋದ್ರಲ್ಲಿ ಅವ್ವನ ಸೊಂಟ ಹಿಡಿದುಕೊಳ್ಳುತ್ತಿತ್ತು. ಈಗ ಮಂಡಈ, ಕಸಬಾ ಪೇಠ್ ಎಲ್ಲ ನೆಲದಡಿಯಲ್ಲೇ ದಾಟಿ, ಮುಠಾ ನದಿ ಯಾವಾಗ ಬಂತು ಹೋಯ್ತು ಗೊತ್ತಾಗದೆ, ಅರ್ಧ ಗಂಟೆ ಚಿಲ್ಲರೆಯಲ್ಲಿ ಪಿಂಪ್ರಿ.

ಆದರೆ ಸ್ಟೇಷನ್‌ನಿಂದ ಮನೆಗೆ ಎರಡೇ ಕಿಲೋಮೀಟರ್. ಅದಕ್ಕೆ ಬಸ್ ಕಾದಿದ್ದು ಇಪ್ಪತ್ತೈದು ನಿಮಿಷ! ಅವ್ವ ಗಡಿಯಾರ ನೋಡಿ, "ಸುರಂಗ ತೋಡ್ಯಾರ, ಒಂದು ಬಸ್ ಬಿಡಾಕ ಆಗಂಗಿಲ್ಲೇನು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಸ್ಸಿಗೆ ಅಂತ ಬೇರೆ ಹಾದಿ ಬಿಡುವ ಪ್ರಯೋಗ ಈ ಊರಿಗೆ ಹೊಸದೇನಲ್ಲ. 2006ರಲ್ಲೇ ಸ್ವಾರಗೇಟ್–ಕಾತ್ರಜ್ ರಸ್ತೆಯಲ್ಲಿ ಶುರುವಾಗಿತ್ತು. ಆಮೇಲೆ ಆ ಹಾದಿಯಲ್ಲಿ ಬೈಕು, ಕಾರು ಎಲ್ಲ ನುಗ್ಗಿದವು. ನಾನೂ ಒಂದೆರಡು ಸಲ ನುಗ್ಗಿದ್ದೇನೆ, ಸುಳ್ಳು ಯಾಕೆ. ಮೆಟ್ರೋ ನಕ್ಷೆ ನೋಡಿ ಕುಣಿಯುವ ನಾವು ಬಸ್ಸಿನ ವೇಳಾಪಟ್ಟಿ ಬಗ್ಗೆ ಯಾವತ್ತಾದರೂ ಗಲಾಟೆ ಮಾಡಿದ್ದೇವಾ? ನನಗಂತೂ ನೆನಪಿಲ್ಲ.

ಬಸ್ ಬಂತು, ತುಂಬಿತ್ತು. ಕೊನೆಗೆ ರಿಕ್ಷಾನೇ. ಅವ್ವ ದಾರಿಯುದ್ದಕ್ಕೂ ಮೀಟರ್ ನೋಡುತ್ತಲೇ ಕೂತಿದ್ದಳು.