ಮಕ್ಕಳು ನಿಂತಲ್ಲೇ ನಿಲ್ದಾಣ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಸಮುದ್ರ ನೋಡಲು ಹೋಗುತ್ತೇವೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಇವರು ಸ್ವಲ್ಪ ದೊಡ್ಡವರಾಗಲಿ, ಆಮೇಲೆ ಹೋದರಾಗದಾ ಅಂತ. ಆಗುತ್ತದೆ. ಆದರೆ ಐದು ವರ್ಷದಲ್ಲಿ ಮೊದಲ ಸಲ ಸಮುದ್ರ ನೋಡುವುದು ಬೇರೆ, ಹದಿನೈದರಲ್ಲಿ ನೋಡುವುದು ಬೇರೆ. ಅದೂ ಅಲ್ಲದೆ ಮನೆಯಲ್ಲಿದ್ದರೂ ಗಲಾಟೆ ಇದ್ದದ್ದೇ. ಹಾಗಾಗಿ ಹೊರಟೆವು.

ರಾತ್ರಿ ರೈಲು. ಎರಡೂವರೆ ವರ್ಷದ ಮಗ ಮನೆಯಲ್ಲಿ ಒಂಬತ್ತಕ್ಕೆಲ್ಲ ಮಲಗುವವನು, ಅವತ್ತು ಹನ್ನೊಂದಾದರೂ ಕಣ್ಣು ಮುಚ್ಚಲಿಲ್ಲ. ಮೇಲಿನ ಬರ್ತಿಗೆ ಹತ್ತಬೇಕು, ಹತ್ತಿದ ಮೇಲೆ ಇಳಿಯಬೇಕು, ಇಳಿದ ಮೇಲೆ ಮತ್ತೆ ಹತ್ತಬೇಕು. ಸಾಕು ಅಂದರೆ ಬೋಗಿಗೆಲ್ಲ ಕೇಳುವ ಹಾಗೆ ರಂಪ. ಎದುರು ಸೀಟಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಇದ್ದರು. "ನಿಮ್ಮ ನಿದ್ದೆ ಹಾಳಾಯ್ತು ಅಜ್ಜಿ" ಅಂದೆ. "ನಿದ್ದೆ ದಿನಾ ಇದ್ದದ್ದೇ, ಕೊಡಮ್ಮ ಇಲ್ಲಿ ಅವನನ್ನ" ಅಂದವರೇ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು, ಕರವಸ್ತ್ರ ಮಡಚಿ, ಸುತ್ತಿ, ಒಂದು ಮೂಲೆ ಹೊರಗೆಳೆದು ಬಾಲ ಬಿಟ್ಟು ಇಲಿ ಮಾಡಿದರು. ಅದು ಅವರ ಅಂಗೈಯಿಂದ ಮೊಣಕೈವರೆಗೂ ಚಂಗನೆ ಹಾರುತ್ತಿತ್ತು. ಬೆರಳ ತುದಿಯಿಂದ ತಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು, ಅವನಿಗೆ ಕಾಣಲಿಲ್ಲ. ಇಲಿ ಹಿಡಿದುಕೊಂಡೇ ಅವರ ತೊಡೆ ಮೇಲೆ ಮಲಗಿಬಿಟ್ಟ. ಮಕ್ಕಳು ಜೊತೆಗಿಲ್ಲದಿದ್ದರೆ ಆ ಅಜ್ಜಿಯ ಜೊತೆ ನಾನು ಒಂದು ಮಾತೂ ಆಡುತ್ತಿರಲಿಲ್ಲ, ಅದಂತೂ ಖಂಡಿತ.

ಬೆಳಗ್ಗೆ ರೈಲಿಳಿದು ಕಾರು ಹತ್ತಿದೆವು. ಮುಂದೆ ಪೂರ್ತಿ ತಿರುವಿನ ದಾರಿ. ಮಗಳು ಮೊದಲು ಮಾತು ನಿಲ್ಲಿಸಿದಳು. ಆಮೇಲೆ ಮುಖ ಬಿಳಿಚಿಕೊಂಡಿತು. "ಅಮ್ಮಾ, ಹೊಟ್ಟೆ ಏನೋ ಆಗ್ತಿದೆ" ಅನ್ನುವಷ್ಟರಲ್ಲಿ ಅವಳ ಅಂಗಿ, ನನ್ನ ದುಪಟ್ಟಾ, ಸೀಟು ಎಲ್ಲಾ ವಾಂತಿ. ತಿರುವುಗಳಲ್ಲಿ ನಮ್ಮ ಒಳಗಿವಿ ದೇಹ ಓಲಾಡುತ್ತಿದೆ ಅಂತ ಮಿದುಳಿಗೆ ಹೇಳುತ್ತದೆ. ಕಾರಿನೊಳಗೆ ಚಿತ್ರಪುಸ್ತಕ ನೋಡುತ್ತಿರುವ ಕಣ್ಣು ಏನೂ ಅಲ್ಲಾಡುತ್ತಿಲ್ಲ ಅನ್ನುತ್ತದೆ. ಈ ಎರಡೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಇದು ಜಾಸ್ತಿ, ಅದಕ್ಕಿಂತ ಚಿಕ್ಕ ಕೂಸುಗಳಿಗೆ ಆಗುವುದು ಅಪರೂಪ. ಪುಸ್ತಕ, ಫೋನು ಎರಡನ್ನೂ ತೆಗೆದಿಟ್ಟು, ಕಿಟಕಿ ಇಳಿಸಿ, ದೂರದ ಗುಡ್ಡ ನೋಡುತ್ತಾ ಕೂರಿಸಿದರೆ ಎಷ್ಟೋ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಗಾಡಿ ನಿಲ್ಲಿಸುವುದು.

ನಿಲ್ಲಿಸಿದೆವು. ತಿರುವಿನ ಪಕ್ಕದಲ್ಲೇ ಸಣ್ಣದೊಂದು ತೊರೆ ಹರಿಯುತ್ತಿತ್ತು. ಅಂಗಿ ಒಗೆದು ಕಾರಿನ ಬಾನೆಟ್ ಮೇಲೆ ಹರವಿದೆ, ಎಂಜಿನ್ ಬಿಸಿಗೆ ಬೇಗ ಒಣಗಲಿ ಅಂತ. ಅಷ್ಟರಲ್ಲಿ ಮಗ ಎಲೆಗಳನ್ನು ನೀರಿಗೆ ಬಿಡಲು ಶುರುಮಾಡಿದ್ದ. ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ಮಗಳು ಕಡ್ಡಿ ತಂದು ಬಿಡಿಸಿದಳು. ಆಮೇಲೆ ಇಬ್ಬರೂ ಸೇರಿ ಪಂದ್ಯ ಶುರುಮಾಡಿದರು, ಯಾರ ಎಲೆ ಮೊದಲು ಆ ಬೇರು ದಾಟುತ್ತದೆ ಅಂತ. ಹತ್ತು ನಿಮಿಷದ ಹಿಂದೆ ಕಾರಿನಲ್ಲಿ ಮುಖ ಬಾಡಿಸಿಕೊಂಡಿದ್ದ ಹುಡುಗಿ ಇವಳೇನಾ ಅನ್ನಿಸಿತು. ಅಂಗಿ ಒಣಗಿದ ಮೇಲೂ ಯಾರೂ ಹೊರಡುವ ಮಾತೆತ್ತಲಿಲ್ಲ. ನನ್ನ ಗಂಡ ಪ್ಯಾಂಟ್ ಮಡಚಿಕೊಂಡು ತಾವೂ ಒಂದು ಎಲೆ ಬಿಟ್ಟರು, ಮತ್ತೊಂದು ಬಿಟ್ಟರು. ಮಧ್ಯಾಹ್ನ ನೋಡಬೇಕು ಅಂದುಕೊಂಡಿದ್ದ ಕೋಟೆ ಅಲ್ಲಿಗೆ ಬಿಟ್ಟುಹೋಯಿತು. ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ ಬಿಡಿ, ಆದರೆ ತನ್ನ ತಮ್ಮ ಗೆಲ್ಲಲಿ ಅಂತ ಮಗಳು ತನ್ನ ಎಲೆಯನ್ನು ಕಡ್ಡಿಯಿಂದ ಮೆಲ್ಲಗೆ ತಡೆದು ಹಿಡಿದಿದ್ದನ್ನು ನಾನು ಇನ್ನೆಲ್ಲೂ ನೋಡಲು ಆಗುತ್ತಿರಲಿಲ್ಲ.

ಸಮುದ್ರ ಕಂಡ ತಕ್ಷಣ ಇಬ್ಬರೂ ಕುಣಿಯುತ್ತಾರೆ ಅಂದುಕೊಂಡಿದ್ದೆವು. ಮಗಳು ಕುಣಿದಳು. ಮಗ ಅಲೆಯ ಸದ್ದಿಗೆ ಹೆದರಿ ಅಪ್ಪನ ಕುತ್ತಿಗೆ ತಬ್ಬಿಕೊಂಡು ಬಿಡಲೇ ಇಲ್ಲ. ಬಲವಂತ ಮಾಡಲಿಲ್ಲ. ಅವನ ಎತ್ತರಕ್ಕೆ ಕೂತು ನೋಡಿದರೆ ಗೊತ್ತಾಗುತ್ತದೆ, ನಮ್ಮ ಮೊಣಕಾಲಿಗೆ ಬರುವ ಅಲೆ ಅವನ ಎದೆಗೇ ಬರುತ್ತದೆ.

ಮಾರನೇ ದಿನ ಐದಕ್ಕೇ ಎದ್ದು ಕೂತ. ಕೋಣೆಯಲ್ಲಿದ್ದರೆ ಅಕ್ಕನನ್ನೂ ಎಬ್ಬಿಸುತ್ತಾನೆ ಅಂತ ಹೊತ್ತುಕೊಂಡು ಹೊರಟರೆ, ಅಕ್ಕ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೆಳಕು ಹರಿಯುವ ಹೊತ್ತಿಗೆ ದಡಕ್ಕೆ ಹೋದೆವು. ನೀರು ತುಂಬಾ ಹಿಂದೆ ಸರಿದಿತ್ತು. ಒದ್ದೆ ಮರಳಿನ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಗುಂಡುಗಳು, ಸಾವಿರಾರು. ಒಂದೊಂದು ಬಿಲದ ಸುತ್ತಲೂ ಸಾಲುಸಾಲಾಗಿ ಹರಡಿಕೊಂಡಿದ್ದವು. ನಾವು ಹೆಜ್ಜೆ ಇಟ್ಟರೆ ಬಿಲದ ಬಾಯಲ್ಲಿ ಏನೋ ಸರಕ್ಕನೆ ಮಾಯವಾಗುತ್ತಿತ್ತು.

ಅಲ್ಲಾಡದೆ ಕೂತರೆ ಮಾತ್ರ ಕಾಣುತ್ತದೆ ಅಂದೆ. ಇಬ್ಬರೂ ಕೂತರು! ಮೊದಲು ಎರಡು ಕಣ್ಣು ಮೇಲೆ ಬಂದವು, ಆಮೇಲೆ ಉಗುರಿನಷ್ಟು ಅಗಲದ ಏಡಿ. ಇಕ್ಕಳದಂಥ ಕೈಗಳಿಂದ ಮರಳು ಬಾಚಿ ಬಾಯಿಗಿಡುತ್ತದೆ, ಮರಳಿಗೆ ಅಂಟಿದ ಕಣ್ಣಿಗೆ ಕಾಣದಷ್ಟು ಸಣ್ಣ ಆಹಾರವನ್ನು ಬೇರ್ಪಡಿಸಿಕೊಂಡು ಉಳಿದ ಮರಳನ್ನು ಗುಂಡು ಮಾಡಿ ಹಿಂದಕ್ಕೆ ತಳ್ಳುತ್ತದೆ. ಮತ್ತೆ ಬಾಚುತ್ತದೆ. ಅದರ ಕೈ ಓಡುವ ಚುರುಕು ನೋಡಿದರೆ ಹೊಟ್ಟೆಗಾಗಿ ಎಷ್ಟು ಕೆಲಸ ಅನ್ನಿಸುತ್ತದೆ. ಮಗ ಉಸಿರು ಬಿಗಿಹಿಡಿದು ಕೂತಿದ್ದ. ಅಲೆಯ ಸದ್ದು ಹಿಂದಿನ ದಿನದಷ್ಟೇ ಜೋರಾಗಿತ್ತು, ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ.

ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಚಂದ್ರನೂ ಅಷ್ಟೇ ತಡವಾಗಿ ಬರುತ್ತಾನಲ್ವಾ, ಅದಕ್ಕೆ. ಹಾಗಾಗಿ ಆಮೇಲೆ ಪ್ರತಿ ಬೆಳಗ್ಗೆಯೂ ಏಡಿ ನೋಡಲು ಹೋದೆವು, ಪ್ರತಿ ಸಲವೂ ಸ್ವಲ್ಪ ತಡವಾಗಿ. ಪಟ್ಟಿಯಲ್ಲಿ ಬರೆದುಕೊಂಡಿದ್ದ ಬೇರೆ ಬೇರೆ ಬೀಚುಗಳ ಹೆಸರು ಹಾಗೇ ಉಳಿದವು.

ಲೈಟ್‌ಹೌಸ್ ಮಾತ್ರ ಬಿಡಬಾರದು ಅಂತ ಒಂದು ಸಂಜೆ ಹೋದೆವು. ಬಾಗಿಲ ಹತ್ತಿರವೇ ಮಗ ನೆಲಕ್ಕೆ ಬಿದ್ದು ಹೊರಳಾಡಿದ. ಬಲಗಾಲಿನ ಚಪ್ಪಲಿ ಎಡಗಾಲಿಗೇ ಬೇಕಂತೆ. ಹಾಕಿಕೊಟ್ಟರೂ ಅಳು. ಅಸಲಿ ವಿಷಯ ಏನೆಂದರೆ ಅವತ್ತು ಮಧ್ಯಾಹ್ನ ಅವನು ಮಲಗಿರಲಿಲ್ಲ. ಸಿಟ್ಟು, ಆಸೆಗಳನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತೈದರ ಆಸುಪಾಸಿಗೆ. ನಿದ್ದೆಗೆಟ್ಟ ಎರಡೂವರೆ ವರ್ಷದವನಿಗೆ ಸುಮ್ನಿರು ಅಂದರೆ ಅವನು ತಾನೇ ಏನು ಮಾಡುತ್ತಾನೆ? ನೋಡುತ್ತಾ ನಿಂತವರು ಏನಾದರೂ ಅಂದುಕೊಳ್ಳಲಿ, ಪಕ್ಕದಲ್ಲಿ ಕೂತು ಬೆನ್ನು ಸವರುವುದೊಂದೇ ಆಗ ಕೆಲಸಕ್ಕೆ ಬರುವುದು. "ನೀವು ಅವಳನ್ನ ಕರ್ಕೊಂಡು ಹತ್ತಿ ರೀ, ನಾನು ಇಲ್ಲೇ ಇರ್ತೀನಿ" ಅಂದೆ. ಸ್ವಲ್ಪ ಹೊತ್ತಿಗೆ ಮಗ ನನ್ನ ಹೆಗಲ ಮೇಲೇ ಮಲಗಿದ.

ಮಗಳು ಕೆಳಗೆ ಬಂದವಳೇ ಕೈಯಲ್ಲಿ ಅಳತೆ ತೋರಿಸಿದಳು. "ಅಮ್ಮಾ, ಬಲ್ಬು ಇಷ್ಟೇ ಇಷ್ಟು! ಸುತ್ತ ಗಾಜು ಮಾತ್ರ ಇಷ್ಟು ದೊಡ್ಡದು!" ಉಂಗುರ ಉಂಗುರವಾಗಿ ಕತ್ತರಿಸಿದ ಆ ಗಾಜು ಎಲ್ಲಾ ಕಡೆ ಚೆದುರುವ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ಅದನ್ನು ರೂಪಿಸಿ, 1823ರಲ್ಲಿ ಅಲ್ಲಿನ ಕಾರ್ಡುವಾನ್ ಲೈಟ್‌ಹೌಸಿನಲ್ಲಿ ಮೊದಲು ಹಚ್ಚಿದರು. ಇದನ್ನೆಲ್ಲ ಅವಳ ಅಪ್ಪ ಹೇಳುತ್ತಿದ್ದರೆ ಅವಳು, "ಮತ್ತೆ ಏಡಿಗೆ ರಾತ್ರಿ ಬೆಳಕು ಬಿದ್ರೆ ನಿದ್ದೆ ಬರುತ್ತಾ?" ಅಂತ ಕೇಳಿದಳು. ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ವಾಪಸು ಕೋಣೆ ಸೇರುವವರೆಗೂ ಅದೇ ಚರ್ಚೆ ನಡೆಯಿತು.

ಈಗ ಮುಂದಿನ ಪ್ರವಾಸದ ತಯಾರಿ ನಡೆದಿದೆ, ಈ ಸಲ ಬೆಟ್ಟಕ್ಕೆ. ದಿನಕ್ಕೆ ಒಂದೇ ಜಾಗ ಅಂತ ಬರೆದಿದ್ದೇವೆ. ಮಧ್ಯಾಹ್ನದ ಹೊತ್ತು ಖಾಲಿ ಬಿಟ್ಟಿದ್ದೇವೆ. ಕಾರಿನಲ್ಲಿ ಕೈಗೆ ಸಿಗುವ ಹಾಗೆ ಮಗಳಿಗೆ ಎರಡು ಜೊತೆ ಬಟ್ಟೆ, ನನಗೂ ಒಂದು ಜೊತೆ. ಮಗಳು ಮಾತ್ರ ತನ್ನದೇ ಬ್ಯಾಗಿನಲ್ಲಿ ಕಡ್ಡಿಯೊಂದನ್ನು ಇಟ್ಟುಕೊಂಡಿದ್ದಾಳೆ, ದಾರಿಯಲ್ಲಿ ತೊರೆ ಸಿಕ್ಕರೆ ಬೇಕಾಗುತ್ತದಂತೆ.