ಅಪ್ಪನ 407 ಯಾಕೆ ಸ್ಟಾರ್ಟ್ ಆಗುತ್ತಿಲ್ಲ: ಮೂರು ಭಾನುವಾರದ ಕೆಲಸ

ಮೊದಲ ಭಾನುವಾರ

ಗಾಡಿ 1994ರ ಟಾಟಾ 407, ಸಣ್ಣ ಲಾರಿ. ಅಪ್ಪ ತಿಪಟೂರು ಎಪಿಎಂಸಿಗೆ ಕೊಬ್ಬರಿ ಲೋಡ್ ಹೊಡೆಯುತ್ತಿದ್ದದ್ದು ಇದರಲ್ಲೇ. ನಾಲ್ಕು ತಿಂಗಳಿಂದ ತೋಟದ ಶೆಡ್ಡಿನಲ್ಲಿ ನಿಂತಿದೆ. ನಿಲ್ಲಿಸುವ ಮೊದಲೇ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಮಂದ ಆಗಿತ್ತು, ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿ ಸ್ಟಾರ್ಟ್ ಮಾಡುತ್ತಿದ್ದರು. ಈಗ ಅದಕ್ಕೂ ಜಗ್ಗುತ್ತಿಲ್ಲ. ಗುಜರಿಗೆ ಹಾಕು ಅಂದವರು ಬಹಳ ಜನ. ನನಗೆ ಈ ಗಾಡಿ ಬೇಕು, ಓಡುವ ಸ್ಥಿತಿಯಲ್ಲೇ ಬೇಕು.

ಕೀ ತಿರುಗಿಸಿದರೆ ಒಂದು ‘ಟಕ್’, ಆಮೇಲೆ ಎಂಜಿನ್ ನರಳುತ್ತಾ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ನೋಡಿದವರೆಲ್ಲ ‘ಸೆಲ್ಫ್ ಹೋಗಿದೆ, ಬಿಚ್ಚಿಸು’ ಅಂದರು. ಅಳೆಯದೆ ಏನನ್ನೂ ಬಿಚ್ಚಬಾರದು ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್, ಅಂದರೆ ಫುಲ್. ಸೆಲ್ಫ್ ಹೊಡೆಯುವಾಗಲೂ ಬ್ಯಾಟರಿಯ ಎರಡು ಕಂಬಗಳ ನಡುವೆ 11.4 ಇತ್ತು. ಇದೇ ನನಗೆ ವಿಚಿತ್ರ ಅನ್ನಿಸಿದ್ದು. ಸೆಲ್ಫ್ ನಿಜವಾಗಿ ಕರೆಂಟ್ ಎಳೆಯುತ್ತಿದ್ದರೆ ವೋಲ್ಟೇಜ್ ಇನ್ನೂ ಕೆಳಗೆ ಬರಬೇಕು. ಬ್ಯಾಟರಿಯಲ್ಲಿ ಶಕ್ತಿ ಇದೆ, ಸೆಲ್ಫ್‌ಗೆ ತಲುಪುತ್ತಿಲ್ಲ.

ಚಿಕ್ಕಪ್ಪ ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಪಕ್ಕದಲ್ಲಿ ಕೂತು ನೋಡುತ್ತಿದ್ದರು. ‘ಕರೆಂಟ್ ಬರೋ ದಾರಿ ನೋಡ್ತಿದ್ದೀಯ ಕಣಪ್ಪ, ವಾಪಸ್ ಹೋಗೋ ದಾರಿ ನೋಡಿದ್ಯಾ?’ ಅಂದರು.

ಮೀಟರಿನ ಒಂದು ಮುಳ್ಳನ್ನು ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದೆ. ‘ಚಿಕ್ಕಪ್ಪ, ಈಗ ಹೊಡೀರಿ’ ಅಂದೆ. 3.1 ವೋಲ್ಟ್! ಅರ್ಧ ವೋಲ್ಟ್‌ಗಿಂತ ಕಡಿಮೆ ಇರಬೇಕಾದ ಜಾಗ ಅದು. ಮೂರು ವೋಲ್ಟ್ ಅರ್ಥಿಂಗ್‌ನಲ್ಲೇ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯಲ್ಲೇ, ಸೋರಿ ಹೋಗುತ್ತಿತ್ತು.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಹಾಗಾಗಿ ಅದಕ್ಕೂ ಚಾಸಿಸ್‌ಗೂ ನಡುವೆ ಒಂದು ತಾಮ್ರದ ಪಟ್ಟಿ ಹಾಕಿರುತ್ತಾರೆ, ಜಡೆಯ ಹಾಗೆ ಹೆಣೆದದ್ದು. ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಹೊರಗಿನಿಂದ ನೋಡಿದರೆ ಸರಿಯಾಗೇ ಇತ್ತು, ಬೋಲ್ಟ್ ಕೂಡ ಬಿಗಿ. ಬೋಲ್ಟ್ ಬಿಚ್ಚಿದಾಗ ಗೊತ್ತಾಯಿತು. ವಾಷರ್ ಕೆಳಗೆ ಹಸಿರು ಪುಡಿ, ಅದರಡಿ ಕಪ್ಪು ತುಕ್ಕು, ತಾಮ್ರದ ಎಳೆಗಳು ಬೆರಳಲ್ಲಿ ಉಜ್ಜಿದರೆ ಉದುರುತ್ತಿದ್ದವು. ಜೊತೆಗೆ ಯಾವಾಗಲೋ ಚಾಸಿಸ್‌ಗೆ ಬಣ್ಣ ಹೊಡೆದವರು ಆ ಜಾಗಕ್ಕೂ ಹೊಡೆದಿದ್ದಾರೆ.

ಕತ್ತಲಾಗುತ್ತಿತ್ತು. ಜಂಪರ್ ಕೇಬಲ್ ಒಂದನ್ನು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್‌ಗೆ ಹಾಕಿ ಕೀ ತಿರುಗಿಸಿದೆ. ಸೆಲ್ಫ್ ಗರಗರ ತಿರುಗಿತು. ಅದನ್ನು ಬಿಚ್ಚಿಸದೆ ಇದ್ದದ್ದು ಒಳ್ಳೆಯದೇ ಆಯಿತು.

ಎರಡನೇ ಭಾನುವಾರ

ಹೊಸ ಪಟ್ಟಿ ತಂದೆ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟೆ, ಆಮೇಲೆ ಎರಡೂ ಕಡೆ ಮರಳು ಕಾಗದದಲ್ಲಿ ಉಜ್ಜಿ ಕಬ್ಬಿಣ ಹೊಳೆಯುವ ತನಕ ಬಿಡಲಿಲ್ಲ. ಬಿಗಿ ಮಾಡಿ ಗ್ರೀಸ್ ಸವರಿದೆ. ಈಗ ಅದೇ ಪರೀಕ್ಷೆಯಲ್ಲಿ 0.15 ವೋಲ್ಟ್.

ಡೀಸೆಲ್ ಎಂಜಿನ್‌ಗೆ ಸೆಲ್ಫ್ ಜೋರಾಗಿ ತಿರುಗುವುದು ಬಹಳ ಮುಖ್ಯ. ಸ್ಪಾರ್ಕ್ ಪ್ಲಗ್ ಇಲ್ಲ, ಅಲ್ವಾ? ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಹತ್ತಿಕೊಳ್ಳಬೇಕು. ನಿಧಾನ ತಿರುಗಿದರೆ ಗಾಳಿ ಪಿಸ್ಟನ್ ರಿಂಗ್ ಪಕ್ಕ ಸೋರುತ್ತದೆ, ಬಿಸಿಯೆಲ್ಲ ಸಿಲಿಂಡರ್ ಗೋಡೆಗೆ ಹೋಗುತ್ತದೆ.

ಆದರೆ ಜೋರಾಗಿ ತಿರುಗಿದರೂ ಎಂಜಿನ್ ಹತ್ತಿಕೊಳ್ಳಲಿಲ್ಲ. ಚಿಕ್ಕಪ್ಪ ಸೈಲೆನ್ಸರ್ ಹತ್ತಿರ ನಿಂತಿದ್ದರು. ‘ಹೊಗೆನೇ ಇಲ್ಲ’ ಅಂದರು. ಇದು ದೊಡ್ಡ ಸುಳಿವು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸುಡುತ್ತಿಲ್ಲ ಅಂತ. ಹೊಗೆನೇ ಇಲ್ಲ ಅಂದರೆ ಡೀಸೆಲ್ಲೇ ಹೋಗುತ್ತಿಲ್ಲ.

ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವುದು) ಸಡಿಲಿಸಿ ಕೈ ಪಂಪು ಒತ್ತತೊಡಗಿದೆ. ನೊರೆ ಬಂತು. ಐವತ್ತು ಸಲ ಒತ್ತಿದೆ, ಇನ್ನೂ ನೊರೆ. ಏರ್ ಒಳಗೆ ಬರುತ್ತಲೇ ಇದೆ. ಆದರೆ ಹೊರಗೆ ಎಲ್ಲೂ ಡೀಸೆಲ್ ಸೋರಿದ ಹನಿ ಇರಲಿಲ್ಲ. ಅದು ಸರಿಯೇ, ಟ್ಯಾಂಕಿನಿಂದ ಫೀಡ್ ಪಂಪ್ ತನಕದ ಪೈಪಿನಲ್ಲಿ ಪಂಪು ಎಳೆಯುತ್ತಿರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ.

5 ಲೀಟರ್ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಪಾರದರ್ಶಕ ಪೈಪ್ ಹಾಕಿ, ನೇರ ಫೀಡ್ ಪಂಪಿಗೆ ಕೊಟ್ಟೆ. ಗುಳ್ಳೆ ನಿಂತವು. ಅಂದರೆ ಫೀಡ್ ಪಂಪು, ಫಿಲ್ಟರ್ ಸರಿ ಇವೆ, ತಪ್ಪಿರುವುದು ಟ್ಯಾಂಕ್ ಕಡೆ. ರಬ್ಬರ್ ಹೋಸನ್ನು ಕ್ಲಿಪ್ ಪಕ್ಕದಲ್ಲಿ ಬಗ್ಗಿಸಿ ನೋಡಿದಾಗ ಬಾಯಿ ತೆರೆದ ಹಾಗೆ ಬಿರುಕು ಕಾಣಿಸಿತು. ಬಗ್ಗಿಸದಿದ್ದರೆ ಗೆರೆ ಕೂಡ ಕಾಣದು. ಹೋಸ್ ಬದಲಾಯಿಸಿದೆ, ಪೈಪ್ ಕೂಡಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳನ್ನೂ ಹೊಸದು ಹಾಕಿದೆ.

ಮೂರನೇ ಭಾನುವಾರ

ಇವತ್ತು ಹತ್ತಿಕೊಳ್ಳುತ್ತದೆ ಅಂತ ಖುಷಿಯಲ್ಲಿ ಬಂದಿದ್ದೆ. ಇಲ್ಲ. ಹೊಗೆಯೂ ಇಲ್ಲ. ಇಂಜೆಕ್ಷನ್ ಪಂಪಿನ (ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರುಗಳ ನಾಝಲ್‌ಗೆ ತಳ್ಳುವ ಪಂಪು) ತನಕ ಡೀಸೆಲ್ ಶುದ್ಧವಾಗಿ ಬರುತ್ತಿದೆ. 17 ನಂಬರ್ ಸ್ಪ್ಯಾನರ್‌ನಲ್ಲಿ ನಾಝಲ್ ಪೈಪಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಿದೆ. (ಈ ಕೆಲಸ ಮಾಡುವಾಗ ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ.) ನಾಲ್ಕರಲ್ಲೂ ಒಂದು ಹನಿ ಇಲ್ಲ.

ಇಲ್ಲಿ ನನ್ನ ಎದೆ ಕುಸಿಯಿತು. ಇಂಜೆಕ್ಷನ್ ಪಂಪ್ ಹೋಗಿದ್ದರೆ ಖರ್ಚು ದೊಡ್ಡದು. ಇದು ಹಳೇ ಮೈಕೋ ಪಂಪು. ಕಂಪನಿ ಹೆಸರು 2008ರಲ್ಲಿ ಬಾಷ್ ಅಂತ ಆದರೂ ನಮ್ಮ ಕಡೆ ಎಲ್ಲರ ಬಾಯಲ್ಲೂ ಮೈಕೋನೇ. ಸುಲಭಕ್ಕೆ ಸಾಯುವ ಪಂಪಲ್ಲ, ಸಿಲಿಂಡರಿಗೊಂದರಂತೆ ಡೀಸೆಲ್ ತಳ್ಳುವ ನಾಲ್ಕೂ ಎಲಿಮೆಂಟ್ ಒಟ್ಟಿಗೆ ಹೋಗುವುದಂತೂ ಅಪರೂಪ. ಹಾಗಿದ್ದರೆ ಯಾವುದೋ ಒಂದು ನಾಲ್ಕನ್ನೂ ತಡೆಯುತ್ತಿದೆ.

ಸ್ಟಾಪ್ ಲಿವರ್! ಈ ಗಾಡಿಯಲ್ಲಿ ಎಂಜಿನ್ ಆಫ್ ಮಾಡುವುದು ಕೀಯಿಂದ ಅಲ್ಲ, ಡ್ಯಾಶ್‌ಬೋರ್ಡಿನ ಗುಬುಟು ಎಳೆಯಬೇಕು. ಆಗ ಅದರ ಕೇಬಲ್ ಪಂಪಿನ ಸ್ಟಾಪ್ ಲಿವರ್ ಎಳೆದು ಡೀಸೆಲ್ ನಿಲ್ಲಿಸುತ್ತದೆ. ಗುಬುಟು ಒಳಗೇ ಇತ್ತು, ಅದಕ್ಕೇ ನಾನು ಅತ್ತ ನೋಡಿರಲಿಲ್ಲ. ಪಂಪಿನ ಹತ್ತಿರ ನೋಡಿದರೆ ಲಿವರ್ ಸ್ಟಾಪ್ ಕಡೆಗೇ ನಿಂತಿದೆ. ಕೇಬಲ್ ತುದಿ ಬಿಚ್ಚಿದ ತಕ್ಷಣ ಸ್ಪ್ರಿಂಗ್ ಎಳೆದು ಲಿವರ್ ಟಪ್ ಅಂತ ಹಿಂದೆ ಹೋಯಿತು.

ಕೇಬಲ್ ಹೊರಗೆ ತೆಗೆದೆವು. ಒಂದು ಗೇಣು ಉದ್ದಕ್ಕೆ ಮೇಲಿನ ಪ್ಲಾಸ್ಟಿಕ್ ಕರಗಿ, ಒಳಗಿನ ತಂತಿಗೆ ಅಂಟಿಕೊಂಡಿತ್ತು. ಸೈಲೆನ್ಸರ್ ಹತ್ತಿರ ಹೋಗುವ ಕೇಬಲ್ ಅಲ್ಲ ಇದು. ಚಿಕ್ಕಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಕರೆಂಟಿನ ಬಿಸಿ ಕಣಪ್ಪ ಇದು’ ಅಂದರು. ಆಗ ಎಲ್ಲ ಜೋಡಿಸಿಕೊಂಡಿತು. ಅರ್ಥಿಂಗ್ ಪಟ್ಟಿ ಸತ್ತಾಗ ಸೆಲ್ಫ್‌ನ ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಕಲ್ಲ? ಎಂಜಿನ್‌ನಿಂದ ಕ್ಯಾಬಿನ್‌ಗೆ ಹೋಗುವ ಲೋಹದ ತಂತಿ ಇದೇ. ಪ್ರತಿ ಸಲ ಕೀ ತಿರುಗಿಸಿದಾಗಲೂ ಈ ಸಣ್ಣ ತಂತಿ ಸುಡುತ್ತಿತ್ತು. ಉರುಳಿಸಿದರೂ ಜಗ್ಗದೆ ಹೋದದ್ದು ಇದಕ್ಕೇ.

ಪೇಟೆಯಿಂದ ಹೊಸ ಕೇಬಲ್ ತರುವಷ್ಟರಲ್ಲಿ ನಾಲ್ಕು ಗಂಟೆ. ನಾಝಲ್ ನಟ್ಟುಗಳಲ್ಲಿ ಡೀಸೆಲ್ ಚಿಮ್ಮಿದ ಮೇಲೆ ಒಂದೊಂದಾಗಿ ಬಿಗಿ ಮಾಡಿದೆ. ಮೂರನೇ ನಟ್ಟು ಬಿಗಿ ಮಾಡುವಾಗಲೇ ಎಂಜಿನ್ ಕುಟುಕಿತು. ನಾಲ್ಕನೆಯದಾದ ಮೇಲೆ ಬಿಳಿ ಹೊಗೆ ಬುಸ್ಸೆಂದು ಬಂದು, ಕೆಮ್ಮಿ, ಹತ್ತಿಕೊಂಡಿತು. ಶೆಡ್ಡಿನ ತಗಡೆಲ್ಲ ನಡುಗಿತು. ಆ ಸದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು.

ಟ್ಯಾಂಕ್ ತೊಳೆಯುವುದು, ಬ್ರೇಕ್ ನೋಡುವುದು ಇನ್ನೂ ಬಾಕಿ ಇದೆ. ಹತ್ತು ನಿಮಿಷ ಓಡಿದ ಮೇಲೆ ಚಿಕ್ಕಪ್ಪ ಹೊಸ ಕೇಬಲಿನ ಗುಬುಟು ಎಳೆದರು. ಎಂಜಿನ್ ನಿಂತಿತು. ಗುಬುಟು ಒಳಗೆ ತಳ್ಳಿ ಮತ್ತೆ ಕೀ ತಿರುಗಿಸಿದರು. ಒಂದೇ ಸುತ್ತಿಗೆ ಹತ್ತಿಕೊಂಡಿತು.